ಎರಡೂವರೆಗೂ ಮೂರೂವರೆಗೂ ನಡುವೆ

ನಮ್ಮನೆಗೆ ತಿಂಗಳಿಗೊಮ್ಮೆ ಒಂದು ಸಂಖ್ಯೆ ಬರುತ್ತದೆ. ತೀರ್ಥಹಳ್ಳಿಯ ಲ್ಯಾಬಿನಿಂದ ಅಪ್ಪನ ಮೊಬೈಲಿಗೆ, ಅಪ್ಪನ ಮೊಬೈಲಿನಿಂದ ಬೆಂಗಳೂರಿನಲ್ಲಿರುವ ನನಗೆ. 2.8. ಇಲ್ಲಾ 3.1. ಯಾವಾಗಾದರೊಮ್ಮೆ 2.1. ಅದರ ಹಿಂದೆ ಮುಂದೆ ಒಂದಕ್ಷರ ಇರುವುದಿಲ್ಲ, ಅಪ್ಪನಿಗೆ ಟೈಪ್ ಮಾಡುವುದೆಂದರೆ ಬೇಜಾರು. ಒಂದು ಸಲ ಪಕ್ಕದ ಸೀಟಿನ ಗೆಳೆಯ ನನ್ನ ಮೊಬೈಲು ಇಣುಕಿ ನೋಡಿ "ಯಾವ ಶೇರೋ ಇದು, ಮೂರು ರೂಪಾಯೀನೂ ಇಲ್ಲ?" ಅಂತ ಕೇಳಿದ್ದ :-)

ಶೇರಲ್ಲ. ಅಮ್ಮನ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ತಗೊಳ್ಳುತ್ತದೆ ಅನ್ನುವುದರ ಲೆಕ್ಕ ಅದು. ಐಎನ್‌ಆರ್ ಅಂತ ಕರೆಯುತ್ತಾರೆ. ನಿಮಗೂ ನನಗೂ ಅದು 1ರ ಆಸುಪಾಸು ಇರುತ್ತದೆ. ಅಮ್ಮನಿಗೆ 2.5ರಿಂದ 3.5ರ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಅವಳ ಎದೆಯೊಳಗಿನ ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಅದರದೊಂದು ಚೂರು ಮಿದುಳಿಗೆ ಹೋಗಿ ಪಾರ್ಶ್ವವಾಯು ಹೊಡೆಯಬಹುದು. ಜಾಸ್ತಿಯಾದರೆ ಎಲ್ಲೋ ಒಂದು ಕಡೆ ರಕ್ತ ಸೋರಲು ಶುರುವಾಗಿ ನಿಲ್ಲದೇ ಹೋಗಬಹುದು. ಈ ಎರಡರ ನಡುವಿನ ಸಣ್ಣ ಓಣಿಯಲ್ಲಿ ಅಮ್ಮ 2013ರಿಂದ ಓಡಾಡಿಕೊಂಡಿದ್ದಾಳೆ. ದನ ಕರೆಯುತ್ತಾಳೆ, ತೋಟಕ್ಕೆ ಹೋಗುತ್ತಾಳೆ, ಅಪ್ಪ ಬೇಡ ಅಂದರೂ ಕೇಳದೆ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತಾಳೆ.

ಹೃದಯದ ಕಾಯಿಲೆ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಹಾರ್ಟ್ ಅಟ್ಯಾಕು. ಎದೆ ಹಿಡಿದುಕೊಂಡು ಕುಸಿಯುವುದು, ಆಂಬುಲೆನ್ಸು, ಸ್ಟೆಂಟು. ಅಮ್ಮನದ್ದು ಆ ಜಾತಿಯದ್ದಲ್ಲ. ಅದು ನಿಧಾನದ್ದು. ಆಪರೇಶನ್ ಆದ ಮೇಲೆ ಮನೆಗೆ ಬಂದ ನೆಂಟರೆಲ್ಲ "ಈಗ ಪೂರ್ತಿ ಸರಿಹೋಯ್ತಲ್ಲ?" ಅಂತ ಕೇಳುತ್ತಿದ್ದರು. ಈಗಲೂ ಕೇಳುತ್ತಾರೆ. ನಾವು ಹೌದು ಅನ್ನುತ್ತೇವೆ. ಆ ಹೌದು ಅನ್ನುವುದರೊಳಗೆ ಏನೇನಿದೆ ಅಂತ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

*

ಶುರುವಾಗಿದ್ದು ಗಂಟಲಿನಿಂದ.

ಅಮ್ಮನಿಗೆ ಆಗ ಹನ್ನೊಂದು ವರ್ಷವಂತೆ. ಅಂದರೆ 1985. ಒಂದು ಮಳೆಗಾಲ ಗಂಟಲು ನೋವು, ಜ್ವರ. ಅದು ತಾನಾಗೇ ಹೋಯಿತು. ಎರಡು ಮೂರು ವಾರ ಕಳೆದ ಮೇಲೆ ಮಂಡಿ ಊದಿತು. ಅದು ಇಳಿಯುವಷ್ಟರಲ್ಲಿ ಹಿಮ್ಮಡಿ ಗಂಟು, ಆಮೇಲೆ ಮೊಣಕೈ. ಅಜ್ಜಿ ಎಣ್ಣೆ ಹಚ್ಚಿ ಬಿಸಿನೀರು ಕಾಯಿಸಿ ಶಾಖ ಕೊಟ್ಟಳು. ಹುಡುಗಿ ಒಂದು ತಿಂಗಳು ಶಾಲೆ ತಪ್ಪಿಸಿಕೊಂಡಳು. ಆಮೇಲೆ ಎಲ್ಲರೂ ಅದನ್ನು ಮರೆತರು.

ಇದಕ್ಕೆ ರುಮ್ಯಾಟಿಕ್ ಜ್ವರ ಅನ್ನುತ್ತಾರೆ. ಗಂಟಲು ನೋವಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಇದೆ. ಅದರ ವಿರುದ್ಧ ಹೋರಾಡಲು ನಮ್ಮ ದೇಹ ಸಿದ್ಧಮಾಡಿಕೊಂಡ ಸೈನ್ಯವೇ ಕೆಲವು ಮಕ್ಕಳಲ್ಲಿ ಗುರುತು ತಪ್ಪಿ ತನ್ನದೇ ಹೃದಯದ ಕವಾಟಗಳ ಮೇಲೆ ಬೀಳುತ್ತದೆ. ಕೀಲುಗಳ ನೋವು ಗುರುತಿಲ್ಲದಂತೆ ವಾಸಿಯಾಗುತ್ತದೆ. ಕವಾಟದ ಗಾಯ ಮಾತ್ರ ಉಳಿಯುತ್ತದೆ. ಆಮೇಲೆ ಹತ್ತಿಪ್ಪತ್ತು ವರ್ಷ ತಗೊಂಡು ಅದು ದಪ್ಪವಾಗಿ, ಅಂಟಿಕೊಂಡು, ಬಾಗಿಲು ಪೂರ್ತಿ ತೆರೆಯದ ಹಾಗೆ ಆಗುತ್ತದೆ. ಸರಿಯಾದ ಹೊತ್ತಿಗೆ ಪೆನಿಸಿಲಿನ್ ಬಿದ್ದಿದ್ದರೆ ಇಷ್ಟೂ ಕಥೆ ಇರುತ್ತಿರಲಿಲ್ಲ. ಅಜ್ಜಿಗೆ ಅದು ಗೊತ್ತಿರಲಿಲ್ಲ. ಆ ಕಾಲದಲ್ಲಿ, ಆ ಊರಿನಲ್ಲಿ, ಯಾರಿಗೆ ಗೊತ್ತಿತ್ತು?

ಕಾಯಿಲೆ ಹೊರಬಿದ್ದದ್ದು ನನ್ನಿಂದ. 1997ರಲ್ಲಿ ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ಗುಡ್ಡ ಹತ್ತಲು ಆಗುತ್ತಿರಲಿಲ್ಲವಂತೆ. ಕೊನೆಕೊನೆಗೆ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದಳಂತೆ. ಬಸುರಿಗೆ ಏದುಸಿರು ಇದ್ದದ್ದೇ ಅಂದರು ಎಲ್ಲರೂ. ಬಸಿರಿನಲ್ಲಿ ದೇಹದ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಅಷ್ಟು ರಕ್ತ ಅರ್ಧ ಮುಚ್ಚಿದ ಬಾಗಿಲಲ್ಲಿ ನುಗ್ಗಬೇಕು. ನುಗ್ಗಲಾಗದೆ ಹಿಂದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಯಾರೋ ಒಬ್ಬ ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತೇ ಮಣಿಪಾಲಕ್ಕೆ ಹೊರಡಿ" ಅಂದರಂತೆ. ಆಗುಂಬೆ ಘಾಟಿ ಇಳಿದು ಹೋಗಿ ಎಕೋ ಮಾಡಿಸಿದ ಮೇಲೆ ಗೊತ್ತಾಗಿದ್ದು, ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾಗಿದೆ ಅಂತ. ಅಲ್ಲೇ ನಾನು ಹುಟ್ಟಿದೆ. ಇನ್ನೊಂದು ಮಗು ಬೇಡ ಅಂತ ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದರಂತೆ. ನನಗೆ ಒಡಹುಟ್ಟಿದವರು ಯಾಕಿಲ್ಲ ಅನ್ನುವುದಕ್ಕೆ ಇದು ಉತ್ತರ. ಇದು ನನಗೆ ಗೊತ್ತಾಗಿದ್ದು ಪಿಯುಸಿಗೆ ಬಂದ ಮೇಲೆ.

1999ರಲ್ಲಿ ಬಲೂನು ಹಾಕಿಸಿದರು. ಇದು ಜಪಾನಿನ ಸರ್ಜನ್ ಕಾಂಜಿ ಇನೋವೆ 1982ರಲ್ಲಿ ಮೊದಲು ಮಾಡಿ ತೋರಿಸಿದ ವಿಧಾನ. ತೊಡೆಯ ರಕ್ತನಾಳದಿಂದ ಒಂದು ಸಣ್ಣ ನಳಿಕೆ ತೂರಿಸಿ, ಹೃದಯದೊಳಗೆ ಕವಾಟದ ಮಧ್ಯೆ ಬಲೂನು ಉಬ್ಬಿಸಿ, ಅಂಟಿಕೊಂಡ ಎಸಳುಗಳನ್ನು ಬಿಡಿಸುತ್ತಾರೆ. ಎದೆ ಕೊಯ್ಯುವ ಹಾಗಿಲ್ಲ. ನಮ್ಮ ದೇಶದಲ್ಲಿ ಇದರಿಂದ ಉಸಿರು ಮರಳಿ ಪಡೆದ ಹೆಂಗಸರಿಗೆ ಲೆಕ್ಕವಿಲ್ಲ. ಅಮ್ಮನಿಗೂ ಹದಿನಾಲ್ಕು ವರ್ಷ ಸಿಕ್ಕಿತು. ಜೊತೆಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಮತ್ತೆ ಜ್ವರ ಬಂದು ಕವಾಟ ಇನ್ನಷ್ಟು ಹಾಳಾಗಬಾರದಲ್ಲ. ಆ ಇಂಜೆಕ್ಷನ್ ದಿನ ಅಮ್ಮ ಕುಂಟುತ್ತಾ ಬಸ್ಸಿಳಿಯುತ್ತಿದ್ದಳು. ನನಗೆ ಆ ದಿನ ತೀರ್ಥಹಳ್ಳಿಯಿಂದ ಖಾರ ಶೇಂಗಾ ಬರುತ್ತಿತ್ತು. ಹಾಗಾಗಿ ನಾನು ಮೂರು ವಾರ ಆಗುವುದನ್ನೇ ಕಾಯುತ್ತಿದ್ದೆ!

2013ರಲ್ಲಿ ಬಾಗಿಲು ಮತ್ತೆ ಕಿರಿದಾಯಿತು. ಈ ಸಲ ಎದೆ ತೆರೆದು ಕವಾಟವನ್ನೇ ಬದಲಿಸಿದರು.

*

ಅಮ್ಮನೊಳಗಿರುವುದು ಚಿತ್ರಾ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ತಯಾರಾದದ್ದು. ಹೊರದೇಶದ ಕವಾಟ ಕೊಳ್ಳುವ ಶಕ್ತಿ ಇಲ್ಲದ ರೋಗಿಗಳೇ ತಮ್ಮ ಮುಂದೆ ಸಾಲುಗಟ್ಟಿದ್ದನ್ನು ನೋಡಿ ಅಲ್ಲಿನ ಸರ್ಜನ್ ಎಂ.ಎಸ್. ವಲಿಯತ್ತಾನ್, ಎಂಜಿನಿಯರುಗಳ ತಂಡ ಕಟ್ಟಿಕೊಂಡು ಇದಕ್ಕೆ ಕೈಹಾಕಿದರು. ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ನಾಲ್ಕನೇ ಮಾದರಿ ಗೆದ್ದಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಇವತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಇದಿದೆ. ಒಂದು ಲೋಹದ ಚೌಕಟ್ಟು, ಹೊಲಿಯಲು ಸುತ್ತ ಪಾಲಿಯೆಸ್ಟರ್ ಬಟ್ಟೆಯ ಉಂಗುರ, ನಡುವೆ ವಾಲಿ ತೆರೆದು ಮುಚ್ಚುವ ಒಂದು ಪ್ಲಾಸ್ಟಿಕ್ ಬಿಲ್ಲೆ, ಅಷ್ಟೇ. ದಿನಕ್ಕೆ ಲಕ್ಷ ಸಲ ತೆರೆದು ಮುಚ್ಚಬೇಕು, ವರ್ಷಾನುಗಟ್ಟಲೆ, ಸರ್ವೀಸಿಗೆ ಬಿಚ್ಚುವ ಹಾಗಿಲ್ಲ. ನಾವು ಬರೆಯುವ ಕೋಡು ವಾರಕ್ಕೊಮ್ಮೆ ರೀಸ್ಟಾರ್ಟ್ ಕೇಳುತ್ತದೆ, ಹೇಳಿಕೊಳ್ಳಲು ನಾಚಿಕೆ :-)

ವಲಿಯತ್ತಾನ್ ಆಮೇಲೆ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಆ ಸುದ್ದಿ ಪೇಪರಿನಲ್ಲಿ ಬಂದ ದಿನ ಅಮ್ಮನಿಗೆ ಓದಿ ಹೇಳಿದೆ. "ಇವರೇನಾ ನನ್ನ ಕವಾಟ ಮಾಡಿದ್ದು?" ಅಂದಳು. ಸ್ವಲ್ಪ ಹೊತ್ತು ಫೋಟೋ ನೋಡಿ, ಪೇಪರು ಮಡಿಸಿ ಕಪಾಟಿನಲ್ಲಿ ಔಷಧಿ ಚೀಟಿಗಳ ಜೊತೆ ಇಟ್ಟಳು.

ಕವಾಟ ಎಷ್ಟೇ ಚೆನ್ನಾಗಿದ್ದರೂ ರಕ್ತಕ್ಕೆ ಅದು ಪರಕೀಯ. ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತಲೇ ಇರುತ್ತದೆ. ತಡೆಯಬೇಕಾದರೆ ಬದುಕಿರುವಷ್ಟು ದಿನ ವಾರ್ಫರಿನ್ ನುಂಗಬೇಕು. (ಕೆಲವರಿಗೆ ಆಸಿಟ್ರೋಮ್ ಕೊಡುತ್ತಾರೆ, ಅದೂ ಇದರ ಬಳಗದ್ದೇ.) ಈ ಮಾತ್ರೆಯ ಹುಟ್ಟಿನ ಕಥೆ ಅಮ್ಮನಿಗೆ ತುಂಬಾ ಇಷ್ಟ, ಯಾಕೆಂದರೆ ಅದರಲ್ಲಿ ದನಗಳಿವೆ.

1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗದಲ್ಲಿ, ಕೆನಡಾದಲ್ಲಿ, ದನಗಳು ರಕ್ತ ಸೋರಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ಸಾಕು, ರಕ್ತ ನಿಲ್ಲುತ್ತಲೇ ಇರಲಿಲ್ಲ. ಸ್ವೀಟ್ ಕ್ಲೋವರ್ ಅನ್ನುವ ಮೇವಿನ ಒಣಹುಲ್ಲು ಬೂಷ್ಟು ಹಿಡಿದಾಗ ಅದನ್ನು ತಿಂದ ದನಗಳಿಗೆ ಹೀಗಾಗುತ್ತದೆ ಅಂತ ಪಶುವೈದ್ಯರು ಕಂಡುಕೊಂಡರು. ಆದರೆ ಯಾವ ವಸ್ತುವಿನಿಂದ ಅಂತ ಗೊತ್ತಾಗಿರಲಿಲ್ಲ. 1933ರ ಫೆಬ್ರವರಿಯಲ್ಲಿ, ಹಿಮ ಸುರಿಯುತ್ತಿದ್ದ ಒಂದು ಶನಿವಾರ, ವಿಸ್ಕಾನ್ಸಿನ್ನಿನ ಎಡ್ ಕಾರ್ಲ್‌ಸನ್ ಅನ್ನುವ ರೈತ ಸತ್ತ ಕಡಸು, ಹಾಲಿನ ಕ್ಯಾನಿನ ತುಂಬಾ ಹೆಪ್ಪುಗಟ್ಟದ ರಕ್ತ, ಒಂದಷ್ಟು ಹಾಳಾದ ಹುಲ್ಲು ಹೇರಿಕೊಂಡು ಮುನ್ನೂರು ಕಿಲೋಮೀಟರ್ ದೂರದ ಮ್ಯಾಡಿಸನ್‌ಗೆ ಬಂದ. ಸರ್ಕಾರಿ ಪಶುವೈದ್ಯರ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದದ್ದು ಕಾರ್ಲ್ ಪಾಲ್ ಲಿಂಕ್ ಅನ್ನುವ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯದ್ದು. ಅವತ್ತು ರೈತನಿಗೆ ಆತ ಹೇಳಲಾದದ್ದು ಇಷ್ಟೇ, ಆ ಹುಲ್ಲು ಹಾಕಬೇಡ. ಹುಲ್ಲಿನೊಳಗಿನ ಆ ವಸ್ತುವಿನ ಹರಳು ಕೈಗೆ ಸಿಗಲು ಅವನ ತಂಡಕ್ಕೆ ಆರು ವರ್ಷ ಹಿಡಿಯಿತು, 1939ರವರೆಗೆ. ಅದರಿಂದ ಮುಂದೆ ಮಾಡಿದ ಒಂದು ರೂಪವೇ ವಾರ್ಫರಿನ್. ಸಂಶೋಧನೆಗೆ ಹಣ ಕೊಟ್ಟ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಈ ಹೆಸರು ಬಂತು.

1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ! 1951ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ಒಬ್ಬ ಸಾಯಲೆಂದು ಅದನ್ನು ತಿಂದ. ವಿಟಮಿನ್ ಕೆ ಕೊಟ್ಟ ಮೇಲೆ ಬದುಕಿಕೊಂಡ. ಅಂದರೆ ಇದನ್ನು ಮನುಷ್ಯರಿಗೂ ಕೊಡಬಹುದು, ಹೆಚ್ಚಾದರೆ ಇಳಿಸಲು ದಾರಿಯೂ ಇದೆ ಅಂತಾಯಿತು. 1954ರಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಇದನ್ನೇ ನುಂಗಿದರು.

ಈ ಕಥೆ ಹೇಳಿ ಮುಗಿಸಿದಾಗ ಅಮ್ಮ, "ಪಾಪ, ಅವನ ದನ..." ಅಂದಳು ಮೊದಲು. ಆಮೇಲೆ ಅಪ್ಪನ ಕಡೆ ತಿರುಗಿ, "ಇಷ್ಟು ವರ್ಷದಿಂದ ನಂಗೆ ಇಲಿ ಪಾಷಾಣ ತಿನ್ನಿಸ್ತಾ ಇದೀರಲ್ಲ ಮಾರಾಯ್ರೆ!" ಅಂದಳು.

*

ಈಗ ಆ ಸಂಖ್ಯೆಯ ವಿಷಯ.

ಯುನಿಕೋಡ್ ಬರುವ ಮುಂಚೆ ಕನ್ನಡ ಟೈಪ್ ಮಾಡಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ನುಡಿಯಲ್ಲಿ ಬರೆದದ್ದನ್ನು ಬೇರೆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ತೆರೆದರೆ ಕೀಟಗಳು ಹರಿದಾಡಿದ ಹಾಗೆ ಕಾಣುತ್ತಿತ್ತಲ್ಲ? ರಕ್ತ ಪರೀಕ್ಷೆಯೂ ಹಾಗೇ ಇತ್ತು. ರಕ್ತಕ್ಕೆ ಒಂದು ರಾಸಾಯನಿಕ ಸೇರಿಸಿ ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟುತ್ತದೆ ಅಂತ ನೋಡುತ್ತಾರೆ. ಆದರೆ ಆ ರಾಸಾಯನಿಕ ಒಂದೊಂದು ಲ್ಯಾಬಿನಲ್ಲಿ ಒಂದೊಂದು ಥರ. ಒಂದೂರಿನ ಲೆಕ್ಕ ಇನ್ನೊಂದೂರಿಗೆ ಹೊಂದುತ್ತಿರಲಿಲ್ಲ. ಹೊಂದದ ಲೆಕ್ಕ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡಿದರೆ ಜೀವಕ್ಕೇ ಅಪಾಯ. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ರಾಸಾಯನಿಕವನ್ನೂ ಒಂದೇ ಅಳತೆಗೋಲಿಗೆ ಹೊಂದಿಸಿ ಫಲಿತಾಂಶ ಹೇಳುವ ಪದ್ಧತಿ ತಂದಿತು. ಅದೇ ಐಎನ್‌ಆರ್, ರಕ್ತದ ಯುನಿಕೋಡು. ತೀರ್ಥಹಳ್ಳಿಯ 2.8 ಮಣಿಪಾಲದಲ್ಲೂ 2.8 ಆಗಿರುವುದು ಅದರಿಂದ. ಇಂಥ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ.

ಆಪರೇಶನ್ ಆದ ಮೊದಲ ವರ್ಷಗಳಲ್ಲಿ ಅಮ್ಮನ ಸಂಖ್ಯೆ ಉಯ್ಯಾಲೆ ಆಡುತ್ತಿತ್ತು. 1.8. ಮಾತ್ರೆ ಜಾಸ್ತಿ ಮಾಡಿದರು, 4.6. ಕಡಿಮೆ ಮಾಡಿದರು, 1.7. ಆಗ ನಾನು ಎಂಜಿನಿಯರಿಂಗ್ ಎರಡನೇ ವರ್ಷ, ಇಲೆಕ್ಟ್ರಾನಿಕ್ಸ್. ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರಿತ್ತು, ಎಲ್ಲರೂ ಬೈದುಕೊಂಡು ಓದುವಂಥದ್ದು. ರಜೆಯಲ್ಲಿ ಅಮ್ಮ ಸೊಸೈಟಿ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಟ್ಟಿದ್ದ ಸಂಖ್ಯೆಗಳನ್ನೆಲ್ಲ ಎಕ್ಸೆಲ್ಲಿಗೆ ಹಾಕಿ ಗ್ರಾಫ್ ತೆಗೆದರೆ, ಪಠ್ಯಪುಸ್ತಕದ ಚಿತ್ರವೇ ಎದುರಿಗೆ ಬಂದು ಕೂತಿತ್ತು.

ವಿಷಯ ಏನಪ್ಪಾ ಅಂದರೆ, ವಾರ್ಫರಿನ್ ರಕ್ತದ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ಲಿವರ್ ತಯಾರಿಸುತ್ತದೆ, ಅದಕ್ಕೆ ವಿಟಮಿನ್ ಕೆ ಬೇಕು. ಬಳಸಿದ ವಿಟಮಿನ್ ಕೆ ಮತ್ತೆ ಬಳಕೆಗೆ ಬರುವುದನ್ನು ವಾರ್ಫರಿನ್ ತಡೆಯುತ್ತದೆ. ಆದರೆ ಆಗಲೇ ತಯಾರಾಗಿ ರಕ್ತದಲ್ಲಿ ಓಡಾಡುತ್ತಿರುವ ಪ್ರೋಟೀನುಗಳು ಖರ್ಚಾಗಬೇಕಲ್ಲ? ಹಾಗಾಗಿ ಇವತ್ತು ಮಾತ್ರೆ ಬದಲಿಸಿದರೆ ಅದರ ಪರಿಣಾಮ ಕಾಣಲು ಎರಡು ಮೂರು ದಿನ, ಪೂರ್ತಿ ನೆಲೆಯಾಗಲು ಇನ್ನೂ ಹೆಚ್ಚು. ಅಷ್ಟರೊಳಗೆ ಗಾಬರಿಯಾಗಿ ಮತ್ತೆ ಬದಲಿಸಿದರೆ? ತಡವಾಗಿ ಉತ್ತರ ಕೊಡುವ ವ್ಯವಸ್ಥೆಯನ್ನು ಜೋರಾಗಿ ತಿದ್ದಲು ಹೋದರೆ ಅದು ತೂಗಾಡುತ್ತದೆ. ಸ್ನಾನದ ಮನೆಯ ಬಿಸಿನೀರಿನ ನಲ್ಲಿ ಹಾಗೆ.

ಮಣಿಪಾಲದ ಡಾಕ್ಟರಿಗೆ ಗ್ರಾಫ್ ತೋರಿಸಿದೆ. ಅವರು ನಕ್ಕು, ನಾವೂ ಇದನ್ನೇ ಹೇಳುವುದು, ದಿನದ ಡೋಸ್ ನೋಡಬೇಡಿ, ವಾರದ ಒಟ್ಟು ನೋಡಿ, ನೂರಕ್ಕೆ ಹತ್ತರಷ್ಟು ಬದಲಿಸಿ ಕಾಯಿರಿ ಅಂದರು. ಅಮ್ಮನಿಗೆ ಆಗ ಹೊಂದಿದ್ದು ವಾರಕ್ಕೆ 27.5 ಮಿಲಿಗ್ರಾಂ. ನಾಲ್ಕು ದಿನ 5ರ ಇಡೀ ಮಾತ್ರೆ, ಮೂರು ದಿನ ಅರ್ಧ. ಅರ್ಧ ಮಾಡಲು ಅಮ್ಮ ಬಳಸುವುದು ಅಡಕತ್ತರಿ. ಮೆಡಿಕಲ್ ಶಾಪಿನ ಪ್ಲಾಸ್ಟಿಕ್ ಕಟರ್ ತಂದುಕೊಟ್ಟಿದ್ದೆ. ಅದು ಪುಡಿ ಮಾಡುತ್ತದೆ, ಅಡಕತ್ತರಿ ಮಾಡುವುದಿಲ್ಲ. ನೋಡಿ ಒಪ್ಪಿಕೊಂಡೆ.

ಗ್ರಾಫಿನಲ್ಲಿ ಇನ್ನೊಂದೂ ಕಂಡಿತು. ಪ್ರತಿ ವರ್ಷ ಜೂನ್ ಜುಲೈನಲ್ಲಿ ಸಂಖ್ಯೆ ಇಳಿಯುತ್ತದೆ. ಯಾಕೆ? ಮಲೆನಾಡಿನವರಿಗೆ ಹೇಳಬೇಕಿಲ್ಲ. ಮಳೆ ಶುರುವಾದರೆ ಹಿತ್ತಲ ತುಂಬಾ ಹರಿವೆ, ಬಸಳೆ, ಕೆಸು. ದಿನಾ ಸೊಪ್ಪಿನ ಹುಳಿ, ಪತ್ರೊಡೆ, ಒಂದೆಲಗದ ತಂಬುಳಿ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ತುಂಬಿದೆ, ಅದು ಮಾತ್ರೆಯ ಎದುರಾಳಿ. ಇದನ್ನು ಕೇಳಿ ಯಾರೋ ಅಮ್ಮನಿಗೆ ಸೊಪ್ಪು ಪೂರ್ತಿ ಬಿಡಲು ಹೇಳಿದ್ದರು. ಒಂದು ವರ್ಷ ಬಿಟ್ಟಳು ಕೂಡ. ಮಳೆಗಾಲದಲ್ಲಿ ಸೊಪ್ಪಿಲ್ಲದ ಊಟ ಅವಳಿಗೆ ಜ್ವರದ ಊಟ. ಡಾಕ್ಟರು ಹೇಳಿದ್ದು ಬೇರೆ. ಬಿಡಬೇಡಿ, ವರ್ಷವಿಡೀ ಒಂದೇ ಹದದಲ್ಲಿ ತಿನ್ನಿ, ಮಾತ್ರೆಯನ್ನು ಊಟಕ್ಕೆ ಹೊಂದಿಸೋಣ, ಊಟವನ್ನು ಮಾತ್ರೆಗಲ್ಲ. ಈಗ ವಾರಕ್ಕೆ ಮೂರು ದಿನ ಸೊಪ್ಪು, ಮಳೆಗಾಲವಾದರೂ ಬೇಸಿಗೆಯಾದರೂ. ಆ ದಿನಗಳಿಗೂ ಕ್ಯಾಲೆಂಡರಿನಲ್ಲಿ ಹಸಿರು ಪೆನ್ನಿನ ಗುರುತಿದೆ.

*

ಇಷ್ಟೆಲ್ಲ ಲೆಕ್ಕಾಚಾರದ ನಡುವೆಯೂ 2022ರ ಆಗಸ್ಟಿನಲ್ಲಿ ಒಂದು ರಾತ್ರಿ ಅಪ್ಪನಿಂದ ಬಂದ ಸಂಖ್ಯೆ 7.4.

ಅಮ್ಮನಿಗೆ ಒಂದು ವಾರದಿಂದ ಭೇದಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಮೆಟ್ರೊನಿಡಜೋಲ್ ಕೊಟ್ಟಿದ್ದರು. ಎದೆಯ ಮೇಲಿನ ಗಾಯದ ಗುರುತು ಕಂಡರೂ, ಅಮ್ಮ ವಾರ್ಫರಿನ್ ಹೆಸರು ಹೇಳಿದರೂ, ಪರವಾಗಿಲ್ಲ ಅಂದಿದ್ದರು. ಆ ಔಷಧಿ ದೇಹದಲ್ಲಿ ವಾರ್ಫರಿನ್ ಕರಗುವುದನ್ನು ತಡೆಯುತ್ತದೆ. ಅದೇ ಮಾತ್ರೆ, ಎರಡು ಪಟ್ಟು ಕೆಲಸ. ಸಾಲದ್ದಕ್ಕೆ ಊಟವೂ ಸರಿಯಾಗಿ ಇರಲಿಲ್ಲ. ಐದನೇ ದಿನ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ತೊಡೆಯ ಮೇಲೆ ಅಂಗೈಯಗಲ ನೀಲಿ. ಅಪ್ಪ ಆ ಮಳೆಯಲ್ಲೇ ಕಾರು ಮಾಡಿಸಿಕೊಂಡು ಘಾಟಿ ಇಳಿದ. ನಾನು ಇಲ್ಲಿ, ರಿಲೀಸ್ ಇದ್ದ ರಾತ್ರಿ, ಒಂದು ಕಿವಿಗೆ ಆಫೀಸಿನ ಕಾಲು, ಇನ್ನೊಂದು ಕಿವಿಗೆ ಅಪ್ಪನ ಫೋನು. ಆಗುಂಬೆ ದಾಟಿದ ಮೇಲೆ ಸಿಗ್ನಲ್ ಹೋಯಿತು. ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ನಾನೇನು ಮಾಡಿದೆ ಅಂತ ನೆನಪಿಲ್ಲ.

ತಲೆಯೊಳಗೆ ಎಲ್ಲೂ ರಕ್ತ ಸೋರಿರಲಿಲ್ಲ. ಎರಡು ದಿನ ಮಾತ್ರೆ ನಿಲ್ಲಿಸಿ, ಸ್ವಲ್ಪವೇ ಸ್ವಲ್ಪ ವಿಟಮಿನ್ ಕೆ ಬಾಯಿಗೆ ಕೊಟ್ಟರು. ಜಾಸ್ತಿ ಕೊಡುವ ಹಾಗಿಲ್ಲ, ಕೊಟ್ಟರೆ ಅತ್ತ ಕವಾಟ ಹೆಪ್ಪುಗಟ್ಟುವ ಭಯ. ನಾಲ್ಕನೇ ದಿನ 3.2. ಅಮ್ಮ ಫೋನಿನಲ್ಲಿ ಕೇಳಿದ್ದು, "ದನಕ್ಕೆ ಹುಲ್ಲು ಯಾರು ಹಾಕ್ತಿದಾರೆ?"

ಅದಾದ ಮೇಲೆ ಅಮ್ಮನ ಪರ್ಸಿನಲ್ಲಿ ಕವಾಟದ ಕಾರ್ಡಿನ ಜೊತೆ ಒಂದು ಚೀಟಿ ಇರುತ್ತದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ: ನಾನು ವಾರ್ಫರಿನ್ ತೆಗೆದುಕೊಳ್ಳುತ್ತೇನೆ, ಹೊಸ ಔಷಧಿ ಕೊಡುವ ಮುಂಚೆ, ಹಲ್ಲು ಕೀಳುವ ಮುಂಚೆ, ದಯವಿಟ್ಟು ಈ ನಂಬರಿಗೆ ಕೇಳಿ.

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಒಂದು ಪ್ರಶ್ನೆ ಕೇಳಿದಳು. ನಮ್ಮೂರಿನ ಶಾನುಭೋಗರ ಮನೆಯ ಅಜ್ಜನಿಗೂ ಹೃದಯದ ತಾಳ ತಪ್ಪಿ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದಾರೆ. ಅದು ಹೊಸದು. ಟೆಸ್ಟು ಇಲ್ಲ, ಸೊಪ್ಪಿನ ಲೆಕ್ಕ ಇಲ್ಲ. "ಅವರಿಗಿಲ್ಲದ ರಗಳೆ ನಂಗ್ಯಾಕೆ? ದುಡ್ಡಿನ ವಿಷಯವಾದ್ರೆ ಹೇಳು ಮಾರಾಯ."

ದುಡ್ಡಿನ ವಿಷಯ ಅಲ್ಲ. ಹುಡುಕಿ ಓದಿದೆ, ಆಮೇಲೆ ಡಾಕ್ಟರನ್ನೂ ಕೇಳಿದೆ. ಯಾಂತ್ರಿಕ ಕವಾಟ ಇರುವವರಿಗೆ ಡಾಬಿಗಾಟ್ರಾನ್ ಅನ್ನುವ ಹೊಸ ಮಾತ್ರೆ ಕೊಟ್ಟು ನೋಡಿದ ರಿ-ಅಲೈನ್ ಅನ್ನುವ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದರ ವರದಿ 2013ರಲ್ಲಿ ಬಂತು, ಅಮ್ಮನ ಆಪರೇಶನ್ ಆದ ವರ್ಷವೇ. ವಾರ್ಫರಿನ್‌ಗಿಂತ ಹೆಪ್ಪುಗಟ್ಟುವುದೂ ಜಾಸ್ತಿ, ರಕ್ತ ಸೋರುವುದೂ ಜಾಸ್ತಿ. ಇನ್ನೊಂದು ಮಾತ್ರೆ ಅಪಿಕ್ಸಬಾನ್. ಒಂದು ಬಗೆಯ ಯಾಂತ್ರಿಕ ಕವಾಟ ಇದ್ದವರಲ್ಲಿ ಅದನ್ನು ಪರೀಕ್ಷಿಸುತ್ತಿದ್ದ ಪ್ರಯೋಗವೂ 2022ರಲ್ಲಿ ಅದೇ ರೀತಿ ಮಧ್ಯದಲ್ಲೇ ನಿಂತಿತು, ಹೆಪ್ಪುಗಟ್ಟುವುದು ಹೆಚ್ಚು ಅಂತ.

ಮೂರನೆಯದು ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಹೊಸ ಮಾತ್ರೆಗಳ ಮೊದಲ ದೊಡ್ಡ ಪ್ರಯೋಗಗಳಲ್ಲಿ ಮೈಟ್ರಲ್ ಕವಾಟ ತೀರಾ ಕಿರಿದಾದವರನ್ನು ಸೇರಿಸಿಕೊಂಡಿರಲೇ ಇಲ್ಲ. ಆ ಕಾಯಿಲೆ ಶ್ರೀಮಂತ ದೇಶಗಳಲ್ಲಿ ಹೆಚ್ಚುಕಡಿಮೆ ಮುಗಿದುಹೋಗಿದೆ. ಉಳಿದಿರುವುದು ಇಕ್ಕಟ್ಟಿನ ಮನೆಗಳಲ್ಲಿ, ಆಸ್ಪತ್ರೆ ದೂರವಿರುವ ಊರುಗಳಲ್ಲಿ. ಆಮೇಲೆ ಇನ್‌ವಿಕ್ಟಸ್ ಅನ್ನುವ ಪ್ರಯೋಗ ನಡೆಯಿತು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ 24 ದೇಶಗಳು, ನಾಲ್ಕೂವರೆ ಸಾವಿರ ಜನ. ಎಲ್ಲರಿಗೂ ರುಮ್ಯಾಟಿಕ್ ಹೃದ್ರೋಗ, ಜೊತೆಗೆ ತಾಳ ತಪ್ಪಿದ ಬಡಿತ. ವರದಿಯ ಮೊದಲ ಲೇಖಕರು ದೆಹಲಿಯ ಏಮ್ಸ್‌ನ ಡಾ. ಗಣೇಶನ್ ಕಾರ್ತಿಕೇಯನ್. 2022ರ ಆಗಸ್ಟಿನಲ್ಲೇ ಫಲಿತಾಂಶ ಬಂತು. ಹೊಸ ಮಾತ್ರೆ ರಿವರೋಕ್ಸಬಾನ್ ತಗೊಂಡವರಿಗಿಂತ ಹಳೆಯ ವಾರ್ಫರಿನ್ ಬಳಗದ ಮಾತ್ರೆ ತಗೊಂಡವರಲ್ಲಿ ಸಾವು ಕಡಿಮೆ. ರಕ್ತಸ್ರಾವವೂ ಹೆಚ್ಚೇನಿಲ್ಲ. ಹೊಸದೇ ಗೆಲ್ಲುತ್ತದೆ, ಕಡೇಪಕ್ಷ ಸಮನಾಗಿ ನಿಲ್ಲುತ್ತದೆ ಅಂದುಕೊಂಡಿದ್ದವರಿಗೆ ಅಚ್ಚರಿ. ಇವರಿಗೆಲ್ಲ ಯಾಂತ್ರಿಕ ಕವಾಟ ಇರಲಿಲ್ಲ, ಹಾಗಾಗಿ ಇದು ನೇರವಾಗಿ ಅಮ್ಮನ ಪ್ರಶ್ನೆಗೆ ಉತ್ತರವಲ್ಲ, ನಿಜ. ಆದರೆ ಭಾಗವಹಿಸಿದವರ ವಿವರದ ಕೋಷ್ಟಕ ನೋಡಿದೆ. ಸರಾಸರಿ ವಯಸ್ಸು ಐವತ್ತು ಚಿಲ್ಲರೆ. ನೂರಕ್ಕೆ 72 ಹೆಂಗಸರು. ಅಷ್ಟು ದಿನದಲ್ಲಿ ಮೊದಲ ಸಲ ಒಂದು ವೈದ್ಯಕೀಯ ಲೇಖನದಲ್ಲಿ ನನಗೆ ಅಮ್ಮ ಕಂಡಳು.

ಅಮ್ಮನಿಗೆ ಇಷ್ಟನ್ನೂ ಹೇಳಿದೆ. "ಹಳೇದೇ ಒಳ್ಳೇದು ಅಂತಾಯ್ತು" ಅಂದಳು. ಹಾಗಲ್ಲಮ್ಮ, ಅಜ್ಜನಿಗೆ ಹೊಸದೇ ಒಳ್ಳೆಯದು, ನಿನಗೆ ಹಳೆಯದು, ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ ಅಂದೆ. "ಸರಿ ಹಾಗಾದ್ರೆ," ಅಂತ ಮಾತ್ರೆ ಡಬ್ಬಿ ತೆಗೆದಳು. ಬೇರೆಯವರ ಹಾಗೆ ತನಗೂ ಆಗಬೇಕು ಅನ್ನುವ ಆಸೆಯನ್ನು ಅಷ್ಟು ಸುಲಭವಾಗಿ ಮಡಿಸಿಡುವುದು ನನ್ನಿಂದ ಆಗುತ್ತಿರಲಿಲ್ಲ.

*

ಈಗ ಹೇಳಿ, ಇದನ್ನು ಸರಿಹೋಗುವುದು ಅನ್ನಬಹುದಾ?

ನನಗನ್ನಿಸುವುದು, ಅನ್ನಬಹುದು. ಆದರೆ ಅದನ್ನು ಮಾಡಿದ್ದು ಆಪರೇಶನ್ ಒಂದೇ ಅಲ್ಲ. ಸಂಜೆ ಏಳಕ್ಕೆ ಅಡಕತ್ತರಿ ಹಿಡಿದು ಕೂರುವುದು, ತಿಂಗಳಿಗೊಮ್ಮೆ ಬಸ್ಸು ಹತ್ತುವುದು, ಹಸಿರು ಪೆನ್ನಿನ ಗುರುತು, ಚೀಟಿ, ಇವೂ ಸೇರಿ ಮಾಡಿದ್ದು. ಸಂಶೋಧನೆ ಅಂದರೂ ನನಗೆ ಈಗ ನೆನಪಾಗುವುದು ಇಂಥವೇ. ಹಾಲಿನ ಕ್ಯಾನಿನಲ್ಲಿ ರಕ್ತ ತಂದ ರೈತ, ಸೋತ ಮೂರು ಮಾದರಿಗಳು, ಅಳತೆಗೋಲು ಹೊಂದಿಸಿದವರು, ತನಗೆ ಯಾವ ಮಾತ್ರೆ ಬರುತ್ತದೋ ಗೊತ್ತಿಲ್ಲದೆ ಪ್ರಯೋಗಕ್ಕೆ ಹೆಸರು ಕೊಟ್ಟ ಎಲ್ಲೋ ದೂರದ ಊರಿನ ಅಮ್ಮಂದಿರು.

ಕೊನೆಗೊಂದು ಮಾತು, ಮನೆಯಲ್ಲಿ ಮಕ್ಕಳಿರುವವರಿಗೆ. ಉಗಾಂಡಾದಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ಎಕೋ ಮಾಡಿ, ತಮಗೇ ಗೊತ್ತಿಲ್ಲದೆ ರುಮ್ಯಾಟಿಕ್ ಹೃದ್ರೋಗದ ಮೊದಲ ಮೆಟ್ಟಿಲಲ್ಲಿದ್ದ 818 ಮಕ್ಕಳನ್ನು ಆರಿಸಿದರು. ಅರ್ಧದಷ್ಟು ಮಕ್ಕಳಿಗೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು. ಎರಡು ವರ್ಷದಲ್ಲಿ ಇಂಜೆಕ್ಷನ್ ಇಲ್ಲದವರಲ್ಲಿ ನೂರಕ್ಕೆ 8.2 ಮಕ್ಕಳ ಕಾಯಿಲೆ ಮುಂದುವರಿಯಿತು. ಇಂಜೆಕ್ಷನ್ ತಗೊಂಡವರಲ್ಲಿ 0.8. ಪೆನಿಸಿಲಿನ್ ಎಷ್ಟು ಹಳೆಯ ಔಷಧಿ, ಎಷ್ಟು ಅಗ್ಗದ್ದು! ಮಗುವಿಗೆ ಜೋರು ಗಂಟಲು ನೋವು, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಅದಾಗಿ ಕೆಲವು ವಾರದಲ್ಲಿ ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುವ ಊತ ಕಂಡರಂತೂ ಎಣ್ಣೆ ಹಚ್ಚಿ ಸುಮ್ಮನಾಗಬೇಡಿ.

ಅಮ್ಮನ ಮುಂದಿನ ಟೆಸ್ಟು ಸೋಮವಾರ. ನಿಮ್ಮ ಮನೆಯಲ್ಲೂ ಯಾರಾದರೂ ಈ ಎರಡೂವರೆ ಮೂರೂವರೆಯ ಓಣಿಯಲ್ಲಿ ನಡೆಯುತ್ತಿದ್ದರೆ, ನೀವು ಏನೇನು ಉಪಾಯ ಕಂಡುಕೊಂಡಿದ್ದೀರಿ ಅಂತ ಬರೆಯಿರಿ. ಅಮ್ಮನಿಗೆ ಓದಿ ಹೇಳುತ್ತೇನೆ. ಮಾತ್ರೆ ಕತ್ತರಿಸುವ ಉಪಾಯ ಮಾತ್ರ ಬೇಡ, ಅದರಲ್ಲಿ ಅವಳನ್ನು ಮೀರಿಸುವವರಿಲ್ಲ :-)